ಹೊಕ್ಕುಳಬಳ್ಳಿಯ ಪೆಟ್ಟಿಗೆ

ಮಗು ಹುಟ್ಟಿದ ಮೇಲೂ ಮಾಸು ಬೀಳುವ ತನಕ ಸೂಲಗಿತ್ತಿಗೆ ನೆಮ್ಮದಿಯಿಲ್ಲ. ಬಿತ್ತೆಂದರೆ ಅದರ ಕಥೆ ಮುಗಿಯಿತು. ಹೂತು ಬಂದು ಎಲ್ಲರೂ ಮಗುವಿನ ಕಡೆ ತಿರುಗುತ್ತಾರೆ. ಉದುರಿದ ಹೊಕ್ಕುಳಬಳ್ಳಿಗೆ ಮಾತ್ರ ಕೊಂಚ ಹೆಚ್ಚಿನ ಆಯುಸ್ಸು. ಕರ್ನಾಟಕದ ಕೆಲವೆಡೆ ಅದು ತಾಯತ ಸೇರುತ್ತದೆ. ಜಪಾನೀಯರು ಒಣಗಿಸಿ ಪುಟ್ಟ ಮರದ ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ಜೋಪಾನ ಮಾಡುತ್ತಾರೆ. ವೈದ್ಯಶಾಸ್ತ್ರದ ದೊಡ್ಡದೊಂದು ತಪ್ಪಿಗೆ ಮುಂದೆ ಸಾಕ್ಷಿ ಹೇಳಿದ್ದು ಈ ಪೆಟ್ಟಿಗೆಗಳೇ.

ಮಾಸು ಕೋಟೆಯ ಗೋಡೆಯಿದ್ದಂತೆ, ತಾಯಿಯ ಮೈಗೆ ಸೇರಿದ ವಿಷ ಅದನ್ನು ದಾಟಿ ಮಗುವನ್ನು ಮುಟ್ಟದು ಎಂಬುದೇ ಆ ತಪ್ಪು. ಹಾಗೆ ನಂಬಲು ಕಾರಣವೂ ಇತ್ತು. ಸುಮಾರು ಅರ್ಧ ಕಿಲೋ ತೂಗುವ ಈ ಅಂಗದಲ್ಲಿ ಮಗುವಿನ ರಕ್ತನಾಳಗಳು ಬೇರಿನಂತೆ ಕವಲೊಡೆದು ತಾಯಿಯ ರಕ್ತದಲ್ಲಿ ಮುಳುಗಿದ್ದರೂ ಎರಡು ರಕ್ತ ಬೆರೆಯುವುದಿಲ್ಲ. ನಡುವೆ ತೆಳುವಾದ ಪರದೆಯಿದೆ.

ಜಪಾನಿನ ಮಿನಮಾಟದಲ್ಲಿ ಚಿಸ್ಸೊ ಕಂಪನಿಯ ಕಾರ್ಖಾನೆ 1932ರಿಂದ ಪಾದರಸ ಬಳಸಿ ಅಸಿಟಾಲ್ಡಿಹೈಡ್ ತಯಾರಿಸುತ್ತಿತ್ತು. ತ್ಯಾಜ್ಯ ಕೊಲ್ಲಿಗೆ ಹೋಗುತ್ತಿತ್ತು. ಅದರಲ್ಲಿದ್ದ ಮೀಥೈಲ್ ಪಾದರಸ ಮೀನು, ಚಿಪ್ಪುಗಳಲ್ಲಿ ಕೂಡಿಕೊಂಡಿತು. ಮೊದಲು ಹುಚ್ಚೆದ್ದು ಕುಣಿದು ಸತ್ತದ್ದು ಬೆಕ್ಕುಗಳು. 1956ರ ಮೇ 1ರಂದು ಮನುಷ್ಯರ ಕಾಯಿಲೆ ಅಧಿಕೃತವಾಗಿ ವರದಿಯಾಯಿತು. ವರದಿ ಮಾಡಿದವರು ಕಾರ್ಖಾನೆಯದೇ ಆಸ್ಪತ್ರೆಯ ಮುಖ್ಯ ವೈದ್ಯ ಹಜಿಮೆ ಹೊಸೊಕಾವಾ.

ಕುಮಾಮೊಟೊ ವಿಶ್ವವಿದ್ಯಾಲಯದ ಯುವ ವೈದ್ಯ ಮಸಾಜುಮಿ ಹರಾಡ 1961ರಲ್ಲಿ ಅಲ್ಲಿನ ಮೀನುಗಾರರ ಕೇರಿಗೆ ಹೋದಾಗ, ಮನೆಯೊಂದರ ಜಗಲಿಯಲ್ಲಿ ಇಬ್ಬರು ಹುಡುಗರಿದ್ದರು. ಅಣ್ಣ, ತಮ್ಮ. ಇಬ್ಬರ ಲಕ್ಷಣಗಳೂ ಒಂದೇ. ಅಣ್ಣನಿಗೆ ಮಿನಮಾಟ ಕಾಯಿಲೆ, ತಮ್ಮನಿಗೆ ಮಾತ್ರ ಸೆರೆಬ್ರಲ್ ಪಾಲ್ಸಿ ಎಂದಿದ್ದರು ವೈದ್ಯರು. ಏಕೆಂದರೆ ತಮ್ಮ ಮೀನು ತಿಂದವನೇ ಅಲ್ಲ. ತಾಯಿ ಒಪ್ಪಲಿಲ್ಲ. ಮೀನು ತಿಂದದ್ದು ತಾನು, ವಿಷ ಹೋದದ್ದು ಹೊಟ್ಟೆಯಲ್ಲಿದ್ದ ಕೂಸಿಗೆ ಎಂಬುದು ಅವಳ ವಾದ. ಪಠ್ಯಪುಸ್ತಕಕ್ಕಿಂತ ಅವಳ ಲೆಕ್ಕ ಸರಿಯಿತ್ತು. ಸತ್ತ ಮಕ್ಕಳ ಶವಪರೀಕ್ಷೆಯ ಬಳಿಕ, 1962ರ ನವೆಂಬರ್‌ನಲ್ಲಿ 16 ಮಕ್ಕಳನ್ನು ಹುಟ್ಟಿನಿಂದಲೇ ಮಿನಮಾಟ ಕಾಯಿಲೆಯವರೆಂದು ಅಧಿಕೃತವಾಗಿ ಒಪ್ಪಿಕೊಳ್ಳಲಾಯಿತು. ಅದೇ ಹೊತ್ತಿಗೆ ಅತ್ತ ಯುರೋಪಿನಲ್ಲಿ, ಬಸುರಿಯರ ವಾಕರಿಕೆಗೂ ಕೊಡುತ್ತಿದ್ದ ಥಾಲಿಡೊಮೈಡ್ ಮಾತ್ರೆ ಮಾಸನ್ನು ದಾಟಿ ಸಾವಿರಾರು ಮಕ್ಕಳ ಕೈಕಾಲು ಕಸಿದಿತ್ತು.

ಪಾದರಸ ದಾಟಿದ್ದು ಹೇಗೆ? ಕದ್ದು ನುಸುಳಿ ಅಲ್ಲ, ಮರ್ಯಾದೆಯಿಂದ ಕರೆಸಿಕೊಂಡು. ಮೀಥೈಲ್ ಪಾದರಸ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡರೆ, ಮಗುವಿನ ಬೆಳವಣಿಗೆಗೆ ಬೇಕಾದ ಮಿಥಿಯೋನೀನ್‌ನ ವೇಷ ತೊಟ್ಟಂತೆ. ಪೋಷಕಾಂಶ ಸಾಗಿಸುವ ಪ್ರೋಟೀನುಗಳು ಅದನ್ನೂ ಹೊತ್ತು ಒಳಗೆ ಬಿಡುತ್ತವೆ. ಹೀಗಾಗಿ ಹೊಕ್ಕುಳಬಳ್ಳಿಯ ರಕ್ತದಲ್ಲಿ ಪಾದರಸ ತಾಯಿಯ ರಕ್ತಕ್ಕಿಂತ ಹೆಚ್ಚಿರುತ್ತದೆ. ದೊಡ್ಡವರಲ್ಲಿ ಅದು ಮಿದುಳಿನ ಕೆಲವು ಭಾಗಗಳನ್ನಷ್ಟೇ ಕೆಡಿಸಿದರೆ, ಭ್ರೂಣದಲ್ಲಿ ನರಕೋಶಗಳು ಇನ್ನೂ ತಮ್ಮ ಜಾಗ ಹುಡುಕಿಕೊಂಡು ಸರಿಯುತ್ತಿರುವುದರಿಂದ ಇಡೀ ಮಿದುಳಿಗೇ ಪೆಟ್ಟು.

ಪುರಾವೆ ಪೆಟ್ಟಿಗೆಗಳಲ್ಲಿತ್ತು. ಹರಾಡ ಮನೆಮನೆಯಿಂದ ಒಣ ಹೊಕ್ಕುಳಬಳ್ಳಿಗಳನ್ನು ಸಂಗ್ರಹಿಸಿ ಪಾದರಸ ಅಳೆಸಿದರು. ಪ್ರತಿ ಬಳ್ಳಿಗೂ ಹುಟ್ಟಿದ ತಾರೀಖು ಗೊತ್ತು! ಕಾರ್ಖಾನೆಯ ಉತ್ಪಾದನೆ ಏರಿದ ವರ್ಷಗಳಲ್ಲಿ ಬಳ್ಳಿಗಳಲ್ಲಿನ ಪಾದರಸವೂ ಏರಿತ್ತು. ಆ ಉತ್ಪಾದನೆ ನಿಂತದ್ದು 1968ರಲ್ಲಿ, ಮೊದಲ ವರದಿಯಾದ ಹನ್ನೆರಡು ವರ್ಷಗಳ ಮೇಲೆ.

ವಿಷಕ್ಕೆ ಕಾರ್ಖಾನೆಯೇ ಬೇಕೆಂದಿಲ್ಲ. 2019ರಲ್ಲಿ ಬೆಲ್ಜಿಯಂನ ಹ್ಯಾಸೆಲ್ಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ತಾಯಂದಿರು ಉಸಿರಾಡಿದ ಗಾಳಿಯ ಮಸಿಯ ಕಣಗಳನ್ನು ಮಾಸಿನಲ್ಲಿ, ಅದೂ ಮಗುವಿನ ಕಡೆಯ ಮಗ್ಗುಲಲ್ಲಿ ಕಂಡರು. ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತ ಬಸುರಿಗೂ ಸೌದೆ ಒಲೆ ಊದುವವಳಿಗೂ ಈ ಸುದ್ದಿ ದೂರದ್ದಲ್ಲ.

ಗಾಳಿಯನ್ನು ಆರಿಸಿಕೊಳ್ಳಲಾಗದು, ಮೀನನ್ನು ಆರಿಸಿಕೊಳ್ಳಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಬಸುರಿಯರಿಗೆ ಬೇಡವೆನ್ನುವುದು ಶಾರ್ಕ್, ಕತ್ತಿಮೀನಿನಂಥ ದೊಡ್ಡ ಬೇಟೆಮೀನುಗಳನ್ನು. ಪಾದರಸ ಕಡಿಮೆಯಿರುವ ಮೀನು ತಿನ್ನಿರೆಂದೇ ಅದರ ಸಲಹೆ. ಮಂಗಳೂರಿನ ಬೂತಾಯಿ, ಬಂಗುಡೆಗಳಂಥ ಚಿಕ್ಕ ಮೀನುಗಳಿಗೆ ಆಯುಸ್ಸೂ ಕಡಿಮೆ, ಮೈಯಲ್ಲಿ ಹೆಚ್ಚು ಪಾದರಸ ಕೂಡಿಟ್ಟುಕೊಳ್ಳಲು ಪುರಸೊತ್ತೇ ಇಲ್ಲ.