ಗಿಟಾರ್ ಕಿಟ್‌ನಲ್ಲಿ ಬ್ರಿಡ್ಜ್‌ಗೆ ಯಾಕೆ ಒಂದು ವೈರ್?

ಇವತ್ತು ಒಂದೇ ಒಂದು ವೈರ್ ಬಗ್ಗೆ ಮಾತಾಡ್ತೀನಿ. ಪುಣೆಯಲ್ಲಿ ನಾವು ಕೆಲವು ಕನ್ನಡದ ಗೆಳೆಯರು ರಜಾ ದಿನ ಸೇರಿ ಎಲೆಕ್ಟ್ರಿಕ್ ಗಿಟಾರ್ ಕಿಟ್ ಜೋಡಿಸ್ತೀವಿ. ಹೊಸಬರು ಕೇಳೋ ಪ್ರಶ್ನೆ ಒಂದೇ: "ಪಿಕಪ್, ವಾಲ್ಯೂಮ್, ಜ್ಯಾಕ್ ಎಲ್ಲಾ ಅರ್ಥ ಆಯ್ತು. ಬ್ರಿಡ್ಜ್‌ಗೆ ಯಾಕೆ ವೈರು? ಅಲ್ಲಿ ಸಿಗ್ನಲ್ಲೇ ಇಲ್ವಲ್ಲ!"

ನಿಜ, ಸಿಗ್ನಲ್ ಹುಟ್ಟೋದು ಪಿಕಪ್ಪಿನ ಕಾಯಿಲ್‌ನಲ್ಲಿ, ತಂತಿಯಲ್ಲಿ ಅಲ್ಲ. ಆದರೆ ನಿಮ್ಮ ಮೈ ಇದೆಯಲ್ಲ, ಅದೊಂದು ಆಂಟೆನಾ. ಗೋಡೆಯ ವೈರಿಂಗ್, ಟ್ಯೂಬ್‌ಲೈಟು ಇವುಗಳ 50 ಹರ್ಟ್ಸ್ ಗದ್ದಲವನ್ನು ಹಿಡಿದು ಪಕ್ಕದಲ್ಲೇ ಇರೋ ಪಿಕಪ್‌ಗೆ ದಾಟಿಸುತ್ತೆ. ತಂತಿಗಳು ಗ್ರೌಂಡ್ ಆಗಿದ್ದರೆ, ಬೆರಳು ತಾಗಿದ ಕೂಡಲೇ ಮೈಯೂ ಗ್ರೌಂಡ್ ಆಗಿ ಗುಂಯ್ ಅನ್ನೋ ಸದ್ದು ಇಳಿಯುತ್ತೆ. ಹಾಗಾಗಿ ತಂತಿ ಮುಟ್ಟಿದಾಗ ಸದ್ದು ಕಡಿಮೆ ಆದರೆ ಗಾಬರಿ ಬೇಡ. ವೈರ್ ತನ್ನ ಕೆಲಸ ಮಾಡ್ತಿದೆ ಅಂತಲೇ ಅರ್ಥ.

ವೈರಿನ ಒಂದು ತುದಿ ವಾಲ್ಯೂಮ್ ಪಾಟ್‌ನ ಬೆನ್ನಿಗೆ. ಅಲ್ಲಿಂದ ಜ್ಯಾಕ್‌ನ ಗ್ರೌಂಡ್‌ಗೆ ದಾರಿ ಇರುತ್ತೆ. ಇನ್ನೊಂದು ತುದಿ ಗಿಟಾರ್ ನೋಡಿಕೊಂಡು. ಟೆಲಿಕಾಸ್ಟರ್ ಮಾದರಿಯಲ್ಲಿ ಬ್ರಿಡ್ಜ್ ಪ್ಲೇಟಿನ ಕೆಳಗೆ ಸುಲಿದ ವೈರ್ ಇಟ್ಟು ಸ್ಕ್ರೂ ಬಿಗಿದರೆ ಸಾಕು. ಸ್ಟ್ರಾಟೋಕಾಸ್ಟರ್ ಮಾದರಿಯಲ್ಲಿ ಹಿಂಭಾಗದ ಸ್ಪ್ರಿಂಗ್ ಹಿಡಿದಿರೋ ಕ್ಲಾಗೆ ಸಾಲ್ಡರ್ ಮಾಡ್ತಾರೆ. ಲೆಸ್ ಪಾಲ್ ಮಾದರಿಯಲ್ಲಿ ಬುಶಿಂಗ್ ಹೊಡೆಯೋ ಮೊದಲೇ ಆ ತೂತಿಗೆ ವೈರ್ ಎಳೆದಿಡಬೇಕು. ಹೊಡೆದ ಮೇಲೆ ಅದನ್ನ ಕೀಳೋದು ದೊಡ್ಡ ತಲೆನೋವು.

ಆಮೇಲೆ ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಜ್ಯಾಕ್‌ನ ಗ್ರೌಂಡ್‌ಗೆ ಮುಟ್ಟಿಸಿ. ಬೀಪ್ ಬರಲಿಲ್ವಾ? ವೈರ್ ತಾಗೋ ಜಾಗದಲ್ಲಿ ಪೇಂಟ್ ಅಥವಾ ಲ್ಯಾಕರ್ ಅಡ್ಡ ಇದೆಯಾ ನೋಡಿ, ಕೆರೆದು ತೆಗೆಯಿರಿ. ಬೀಪ್ ಬಂದರೂ ಗುಂಯ್ ಸದ್ದು ಪೂರ್ತಿ ಹೋಗದೇ ಇರಬಹುದು. ಸಿಂಗಲ್ ಕಾಯಿಲ್ ಪಿಕಪ್ ತಾನೇ ಹಿಡಿಯೋ ಗದ್ದಲಕ್ಕೆ ಈ ವೈರ್ ಮದ್ದಲ್ಲ.

ಈಗ ಮುಖ್ಯವಾದ ಮಾತು. ಈ ವೈರ್ ನಿಮ್ಮ ಬೆರಳನ್ನು ಆಂಪ್‌ನ ಚಾಸಿಗೆ, ಅಲ್ಲಿಂದ ಮನೆಯ ಅರ್ತಿಂಗ್‌ಗೆ ಜೋಡಿಸುತ್ತೆ. ನಮ್ಮಂಥವರು ಇರೋ ಬಾಡಿಗೆ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇದ್ದರೂ ಹಿಂದೆ ಅರ್ತ್ ಇದೆ ಅನ್ನೋ ಖಾತ್ರಿ ಇಲ್ಲ. ಅರ್ತ್ ಇಲ್ಲದೆ ಆಂಪ್ ಒಳಗೆ ಏನಾದರೂ ಕೆಟ್ಟರೆ 230 ವೋಲ್ಟ್ ನೇರ ತಂತಿಗೇ ಬರಬಹುದು. 1972ರಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ಲಿ ಹಾರ್ವೆ, ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆ ಮೇಲೆ ಮೈಕ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡರು. ಕಾರಣ ಸರಿಯಿಲ್ಲದ ಅರ್ತಿಂಗ್.

ಹಾಗಂತ ಬ್ರಿಡ್ಜ್ ವೈರ್ ಕಿತ್ತುಹಾಕೋದು ಪರಿಹಾರ ಅಲ್ಲ. ಮನೆಯ ಅರ್ತಿಂಗ್ ಸರಿಮಾಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇದೆಯಾ ನೋಡಿಸಿ. ಸದ್ದು ಕಮ್ಮಿ ಆಗ್ಲಿ ಅಂತ ಆಂಪ್‌ನ ಅರ್ತ್ ಪಿನ್ ಮುರಿಯೋದು, ಎರಡು ಪಿನ್ನಿನ ಅಡಾಪ್ಟರ್ ಹಾಕೋದು, ಎರಡೂ ಬೇಡವೇ ಬೇಡ. ಎಲೆಕ್ಟ್ರಿಷಿಯನ್ ಬಂದು ನೋಡೋವರೆಗೆ ಬ್ಯಾಟರಿ ಆಂಪ್‌ನಲ್ಲಿ, ಚಾರ್ಜರ್ ಹಾಕದೆ, ಆರಾಮಾಗಿ ನುಡಿಸಿ.