ಬೀದಿಯ ಚಿತ್ರ, ಮನೆಯ ಗೋಡೆ

ಒಂದು ಮನೆಯೊಳಕ್ಕೆ ಕಾಲಿಟ್ಟವರ ದೃಷ್ಟಿ ಮೊದಲು ಹರಿಯುವುದು ಅಲ್ಲಿನ ಗೋಡೆಗಳ ಮೇಲೆ. ನಮ್ಮ ಕಡೆಯ ಮನೆಗಳಲ್ಲಿ ಬಹುಕಾಲದಿಂದ ಆ ಜಾಗ ದೇವರ ಪಟಗಳಿಗೂ ಹಿರಿಯರ ಭಾವಚಿತ್ರಗಳಿಗೂ ಅಂಗಡಿಯವರು ವರ್ಷಕ್ಕೊಮ್ಮೆ ಕೊಡುವ ಕ್ಯಾಲೆಂಡರಿಗೂ ಮೀಸಲಾಗಿದ್ದಿತು. ಈಗ ಅವುಗಳ ಪಕ್ಕದಲ್ಲಿ ಮತ್ತೊಂದು ಜಾತಿಯ ಚಿತ್ರ ಬಂದು ಕುಳಿತಿದೆ. ನೂರು ವರ್ಷಕ್ಕೂ ಹಿಂದೆ ಪ್ಯಾರಿಸ್ ನಗರದ ಬೀದಿಗೋಡೆಗಳಿಗೆ ಅಂಟಿಸಿದ್ದ ಜಾಹೀರಾತಿನ ಭಿತ್ತಿಪತ್ರಗಳ ಪ್ರತಿಗಳಿಗೆ ಕಟ್ಟು ಹಾಕಿಸಿ, ವಿದ್ಯಾವಂತರು ತಮ್ಮ ನಡುಮನೆಯಲ್ಲಿ ತೂಗುಹಾಕುತ್ತಿರುವರು. ನಾಟಕದ ಟಿಕೇಟನ್ನೂ ದೀಪದ ಎಣ್ಣೆಯನ್ನೂ ಮಾರುವುದಕ್ಕೆಂದು ಹುಟ್ಟಿದ ಕಾಗದಕ್ಕೆ ಸಂಸಾರಸ್ಥರ ಮನೆಯಲ್ಲಿ ಯಾವ ಅಧಿಕಾರವುಂಟು? ಈ ಪ್ರಶ್ನೆಯನ್ನು ಕುರಿತು ನಾವು ಇಂದು ಸ್ವಲ್ಪ ವಿಚಾರಮಾಡೋಣ.

ಮೊದಲು ಈ ಚಿತ್ರಗಳ ಹುಟ್ಟನ್ನು ತಿಳಿಯತಕ್ಕದ್ದು. ಇವು ಕಲ್ಲಚ್ಚಿನ ಸಂತಾನ. 1796ರಲ್ಲಿ ಬವೇರಿಯಾ ದೇಶದ ಆಲೋಯಿಸ್ ಜೆನೆಫೆಲ್ಡರ್ ಎಂಬ ನಾಟಕಕಾರನು ತನ್ನ ನಾಟಕಗಳನ್ನು ಕಡಮೆ ಖರ್ಚಿನಲ್ಲಿ ಅಚ್ಚುಮಾಡುವ ಉಪಾಯವನ್ನು ಹುಡುಕುತ್ತ ಈ ವಿಧಾನವನ್ನು ಕಂಡುಹಿಡಿದನು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ಒದ್ದೆಮಾಡಿ, ಮೇಲೆ ಜಿಡ್ಡಿನ ಮಸಿಯ ಉರುಳೆಯನ್ನು ಹಾಯಿಸಿದರೆ, ಮಸಿಯು ನೀರಿರುವ ಕಡೆ ನಿಲ್ಲದೆ ಬಳಪದ ಗೆರೆಯ ಮೇಲೆ ಮಾತ್ರ ಹಿಡಿಯುವುದು. ಎಣ್ಣೆಗೂ ನೀರಿಗೂ ಇರುವ ಹಗೆತನವೇ ಇದರ ರಹಸ್ಯ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕು. ಈ ಕಲ್ಲುಗಳು ಮೂರೋ ನಾಲ್ಕೋ ಇದ್ದರೆ ಸಾಕು, ಬಣ್ಣದ ಮೇಲೆ ಬಣ್ಣ ಬಿದ್ದು ಬೇರೆ ಬೇರೆ ಛಾಯೆಗಳು ತಾವಾಗಿ ಮೂಡುವುವು ಎಂಬುದನ್ನು ಪ್ಯಾರಿಸ್ಸಿನ ಜೂಲ್ ಶೆರೆ ತೋರಿಸಿಕೊಟ್ಟನು. ಲಂಡನ್ನಿನಲ್ಲಿ ಕೆಲಸ ಕಲಿತು 1866ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚುಕೂಟವನ್ನು ಹೂಡಿದ ಈತನು ತನ್ನ ಜೀವಮಾನದಲ್ಲಿ ಸಾವಿರಕ್ಕೂ ಮಿಕ್ಕ ಭಿತ್ತಿಪತ್ರಗಳನ್ನು ರಚಿಸಿದನು. 1881ನೆಯ ಜುಲೈ 29ರ ಪತ್ರಿಕಾ ಸ್ವಾತಂತ್ರ್ಯದ ಶಾಸನವು ಫ್ರಾನ್ಸಿನಲ್ಲಿ ಭಿತ್ತಿಪತ್ರಗಳಿಗಿದ್ದ ಕಟ್ಟುಗಳನ್ನು ಸಡಿಲಿಸಿತು. ಅದಾದ ಮೇಲೆ ನಗರದ ಬೀದಿಗಳೇ ಚಿತ್ರಶಾಲೆಗಳಾದುವು.

ಬೀದಿಯು ಬಹಳ ಕಟ್ಟುನಿಟ್ಟಾದ ಗುರು. ಚಿತ್ರಶಾಲೆಯಲ್ಲಿ ಒಂದು ಪಟದ ಮುಂದೆ ಅರ್ಧಗಂಟೆ ನಿಲ್ಲುವವರುಂಟು; ಬೀದಿಯಲ್ಲಿ ಹೋಗುವವನು ನಿಲ್ಲುವವನಲ್ಲ. ಅವನು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಬೇಕು. ಆದುದರಿಂದ ಸಣ್ಣಪುಟ್ಟ ವಿವರಗಳು ಬಿದ್ದುಹೋಗಿ, ಗಟ್ಟಿಯಾದ ಹೊರಗೆರೆ, ಹಚ್ಚಡದಂತೆ ಹರಡಿದ ಬಣ್ಣ, ಎಣಿಸಿದಷ್ಟೇ ಅಕ್ಷರ, ಇವು ಉಳಿದುವು. 1891ರಲ್ಲಿ ತುಲೂಸ್ ಲೋತ್ರೆಕ್ ಎಂಬ ತರುಣನು ಮುಲಾಂ ರೂಜ್ ಎಂಬ ನೃತ್ಯಶಾಲೆಗಾಗಿ ಬರೆದ ಪತ್ರವನ್ನು ನೋಡಿ. ಸುಮಾರು 190 ಸೆಂಟಿಮೀಟರು ಎತ್ತರದ ಕಾಗದ. ನಡುವೆ ನರ್ತಕಿ, ಮುಂದುಗಡೆ ಬೂದುಬಣ್ಣದ ನೆರಳಿನಂತೆ ಅವಳ ಜೊತೆಗಾರ, ಹಿಂದುಗಡೆ ನೋಡುವವರ ಗುಂಪೆಲ್ಲ ಒಂದೇ ಕರಿಯ ಸಾಲು. ಒಬ್ಬೊಬ್ಬರ ಮುಖವನ್ನೂ ತಿದ್ದಿ ಬರೆದಿದ್ದರೆ ಈ ಗುಂಪು ಇಷ್ಟು ಗುಂಪಾಗಿ ಕಾಣುತ್ತಿರಲಿಲ್ಲ. ಜಪಾನಿನ ಮರದಚ್ಚಿನ ಚಿತ್ರಗಳಿಂದ ಆ ಕಾಲದ ಪ್ಯಾರಿಸ್ಸಿನವರು ಕಲಿತ ಪಾಠವಿದು.

ಇಂಥ ಪತ್ರಗಳು ಮನೆಯೊಳಕ್ಕೆ ಬಂದುದು ಈಚಿನ ಮಾತೆಂದು ಕೆಲವರು ತಿಳಿದಿರುವರು. ಹಾಗಲ್ಲ. ಅಂಟಿಸಿದ ಗೋಂದು ಆರುವ ಮೊದಲೇ ಅವುಗಳನ್ನು ಕಿತ್ತುಕೊಂಡು ಹೋಗುವವರು ಆಗಲೇ ಇದ್ದರು. ಅಂಟಿಸುವ ಆಳಿಗೆ ಕಾಸು ಕೊಟ್ಟು ಪಡೆಯುವವರೂ ಇದ್ದರು. ಸಾಗೋ ಎಂಬ ವರ್ತಕನು ಅವುಗಳನ್ನೇ ಮಾರಾಟಕ್ಕಿಟ್ಟನು. 1895ರ ಡಿಸೆಂಬರಿನಿಂದ 1900ರ ನವೆಂಬರಿನವರೆಗೆ, ಭಿತ್ತಿಪತ್ರದ ಆಚಾರ್ಯರು ಎಂಬರ್ಥದ ಹೆಸರಿನಿಂದ ಒಂದು ಮಾಲೆ ಪ್ಯಾರಿಸ್ಸಿನಲ್ಲಿ ತಿಂಗಳು ತಿಂಗಳೂ ಹೊರಬಂದಿತು. ದೊಡ್ಡ ಪತ್ರಗಳನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿಸಿ, ಒಟ್ಟು 256 ಹಾಳೆಗಳನ್ನು ಅದರ ಚಂದಾದಾರರಿಗೆ ಒದಗಿಸಿದರು. ಸಾರಾ ಬರ್ನಾರ್ ಎಂಬ ಪ್ರಖ್ಯಾತ ನಟಿಯ ನಾಟಕಕ್ಕಾಗಿ ಮುಖಾ ಎಂಬ ಚೆಕ್ ಕಲಾವಿದನು ಬರೆದ ಪತ್ರವು 1895ರ ಹೊಸವರ್ಷದ ದಿನ ಪ್ಯಾರಿಸ್ಸಿನ ಬೀದಿಗಳಲ್ಲಿ ಕಾಣಿಸಿಕೊಂಡು ಅವನನ್ನು ಹೆಸರುವಾಸಿಯಾಗಿ ಮಾಡಿತು. ಮರುವರ್ಷವೇ ಅವನ ಅಚ್ಚುಕೂಟದವರು ನಾಲ್ಕು ಋತುಗಳ ಚಿತ್ರಗಳನ್ನು, ಯಾವ ಸರಕಿನ ಹೆಸರೂ ಇಲ್ಲದೆ, ಮನೆಯ ಗೋಡೆಗೆಂದೇ ಅಚ್ಚುಹಾಕಿ ಮಾರಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತೈಲಚಿತ್ರಕ್ಕೆ ಮೂಲವೆಂಬುದು ಒಂದೇ. ಅದರ ಅಚ್ಚು ಪ್ರತಿಯು ಎಷ್ಟೇ ಚೆನ್ನಾಗಿದ್ದರೂ ಮೂಲದ ನೆರಳು. ಭಿತ್ತಿಪತ್ರವಾದರೋ ಹುಟ್ಟುವಾಗಲೇ ಸಾವಿರಾರು ಪ್ರತಿಗಳಾಗಿ ಹುಟ್ಟಿತು. ಪ್ರತಿಯಾಗಿರುವುದೇ ಅದರ ಸ್ವಭಾವ. ಹೀಗಿರುವುದರಿಂದ ಅಲ್ಪಸಂಬಳದ ಗೃಹಸ್ಥನು ಒಳ್ಳೆಯ ಪ್ರತಿಯೊಂದನ್ನು ತೂಗುಹಾಕಿದಾಗ ಸಿರಿವಂತನನ್ನು ಅಣಕಿಸಿದಂತೆ ಆಗುವುದಿಲ್ಲ. ಈ ರೂಢಿ ನಮಗೆ ಅಪರಿಚಿತವೂ ಅಲ್ಲ. 1894ರಲ್ಲಿ ರಾಜಾ ರವಿವರ್ಮನು ಮುಂಬಯಿಯಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿ ಲಕ್ಷ್ಮೀ ಸರಸ್ವತಿಯರ ಪಟಗಳನ್ನು ಮನೆಮನೆಗೆ ಮುಟ್ಟಿಸಿದುದು ಇದೇ ಕಲ್ಲಚ್ಚಿನ ಬಲದಿಂದ. ಅವನ ಮೂಲ ತೈಲಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೋಡಿದವರು ನಮ್ಮಲ್ಲಿ ಅನೇಕರುಂಟು; ಅಚ್ಚಿನ ಪಟವನ್ನು ಅಜ್ಜಿಯ ಮನೆಯಲ್ಲಿ ನೋಡದವರು ವಿರಳ. ಶೆರೆಯ ಕಲ್ಲಿಗೂ ರವಿವರ್ಮನ ಕಲ್ಲಿಗೂ ಕಸುಬು ಒಂದೇ.

ಆದರೆ ಆಕ್ಷೇಪಣೆಗಳುಂಟು, ಅವು ತಳ್ಳಿಹಾಕತಕ್ಕವಲ್ಲ. ಈ ಪತ್ರಗಳಲ್ಲಿ ಅನೇಕವು ಮದ್ಯವನ್ನೂ ಸಿಗರೇಟನ್ನೂ ಹೊಗಳುವುವು. ಫ್ರಾನ್ಸು 1915ರಲ್ಲಿ ನಿಷೇಧಿಸಿದ ಆಬ್ಸಾಂತ್ ಎಂಬ ಮದ್ಯಕ್ಕೂ ಸುಂದರವಾದ ಪತ್ರಗಳುಂಟು. ಸರಕು ಹಳತಾದ ಮೇಲೆ ಜಾಹೀರಾತಿನ ಹಲ್ಲು ಬಿದ್ದುಹೋಗುವುದು, ಉಳಿಯುವುದು ರೂಪ ಮಾತ್ರವೇ ಎಂದು ಕೆಲವರು ವಾದಿಸುವರು. ದೊಡ್ಡವರ ಮಟ್ಟಿಗೆ ಇದು ನಿಜವಿರಬಹುದು. ದಿನಕ್ಕೆ ಹತ್ತು ಸಲ ಆ ಗೋಡೆಯನ್ನು ನೋಡಿ ಬೆಳೆಯುವ ಮಗುವಿಗೆ ಸರಕು ಹಳೆಯದೋ ಹೊಸದೋ ತಿಳಿಯದು. ಹೊಗೆಯ ಸುರುಳಿ ಬಿಡುವ ಚೆಲುವೆಯೇ ಅದಕ್ಕೆ ಕಾಣುವುದು. ಆದುದರಿಂದ ಆಯ್ಕೆಯ ಭಾರ ಮನೆಯವರ ಮೇಲಿದೆ. ಆಯ್ದುಕೊಳ್ಳುವುದಕ್ಕೆ ಬಡತನವೇನೂ ಇಲ್ಲ. 1894ರಲ್ಲಿ ಸ್ಟೈನ್ಲೆನ್ ಎಂಬವನು ಹಾಲಿನ ವ್ಯಾಪಾರಿಗಾಗಿ ಒಂದು ಪತ್ರ ಬರೆದನು. ಕೆಂಪು ಅಂಗಿಯ ಪುಟ್ಟ ಹುಡುಗಿ ಬಟ್ಟಲಿನಿಂದ ಹಾಲು ಕುಡಿಯುತ್ತಿರುವಳು. ಮೂರು ಬೆಕ್ಕುಗಳು ಅವಳ ಕಾಲ ಬಳಿ ಆಸೆಗಣ್ಣಿನಿಂದ ಮೇಲೆ ನೋಡುತ್ತಿವೆ. ಆ ಹುಡುಗಿ ಕಲಾವಿದನ ಮಗಳೇ. ಇದನ್ನು ಊಟದ ಕೋಣೆಯಲ್ಲಿ ಹಾಕಿದರೆ ಯಾರಿಗೂ ಸಮಾಧಾನ ಹೇಳಬೇಕಾಗಿಲ್ಲ. ಪ್ರಯಾಣಪ್ರಿಯರಿಗೆ ಕಸ್ಸಾಂದ್ರನ 1927ರ ರೈಲಿನ ಪತ್ರಗಳುಂಟು.

ಎರಡನೆಯದು ಪ್ರಾಮಾಣಿಕತೆಯ ವಿಷಯ. ಆ ಕಾಲದ ಕಲ್ಲಿನಿಂದಲೇ ಅಚ್ಚಾದ ಹಾಳೆ ಬೇರೆ, ಇಂದಿನ ಯಂತ್ರದಲ್ಲಿ ತೆಗೆದ ಪ್ರತಿ ಬೇರೆ. ಎರಡನೆಯದನ್ನು ಮೊದಲನೆಯದೆಂದು ಹೇಳಿ ಹಣ ಕೀಳುವವರುಂಟು. ಒಂದು ಭೂತಗನ್ನಡಿಯನ್ನು ಹಿಡಿದು ನೋಡಿ: ಕಲ್ಲಚ್ಚಿನಲ್ಲಿ ಬಳಪದ ತರಿತರಿಯಾದ ಗುರುತುಗಳು ಕ್ರಮವಿಲ್ಲದೆ ಕಾಣುವುವು; ಸಾಮಾನ್ಯ ಯಂತ್ರಮುದ್ರಣದಲ್ಲಿ ಬಣ್ಣದ ಚುಕ್ಕೆಗಳು ಜಾಲರಿಯಂತೆ ಸಾಲುಗೂಡಿರುವುವು. ಪ್ರತಿಯನ್ನು ಪ್ರತಿಯೆಂದು ತಿಳಿದೇ ಕೊಂಡು, ಪ್ರತಿಯೆಂದೇ ಹೇಳಿದರೆ ಅದರ ಮರ್ಯಾದೆ ಕುಂದುವುದಿಲ್ಲ. ಅಕ್ಷರಗಳನ್ನು ಕತ್ತರಿಸಿ ಚಿತ್ರವನ್ನು ಮಾತ್ರ ಮಾರುವ ಪ್ರತಿಗಳನ್ನು ಕೊಳ್ಳಬೇಡಿ. ಅಕ್ಷರವೂ ಚಿತ್ರದ ಅಂಗವೇ. ನಮ್ಮ ದೇಶದ ಕಾನೂನಿನಂತೆ ಕಲಾವಿದನು ತೀರಿಕೊಂಡ 60 ವರ್ಷಗಳವರೆಗೆ ಕೃತಿಯ ಹಕ್ಕು ಅವನ ವಾರಸುದಾರರದು. 1901ರಲ್ಲಿ ತೀರಿಕೊಂಡ ಲೋತ್ರೆಕ್, 1939ರಲ್ಲಿ ತೀರಿಕೊಂಡ ಮುಖಾ ಇವರ ವಿಷಯದಲ್ಲಿ ತೊಡಕಿಲ್ಲ. ಕಸ್ಸಾಂದ್ರನು ಕಾಲವಾದುದು 1968ರಲ್ಲಿ. ಅಂಥವರ ಚಿತ್ರಗಳನ್ನು ಅಪ್ಪಣೆ ಪಡೆದು ಅಚ್ಚುಮಾಡಿದೆಯೇ ಎಂದು ವಿಚಾರಿಸಿ ಕೊಳ್ಳುವುದು ಲೇಸು.

ಇನ್ನು ತೂಗುಹಾಕುವ ಕ್ರಮ. ದೂರದಿಂದ ನೋಡಲೆಂದು ಬರೆದ ಚಿತ್ರಕ್ಕೆ ದೂರ ಬೇಕು. ಆದುದರಿಂದ ಚಿಕ್ಕ ಕೋಣೆಗೆ ಒಂದೇ ಸಾಕು, ಅದೂ ಬಾಗಿಲಿನ ಎದುರುಗೋಡೆಯಲ್ಲಿದ್ದರೆ ಒಳ್ಳೆಯದು. ನಮ್ಮ ಹಳೆಯ ಮನೆಗಳಲ್ಲಿ ಪಟಗಳನ್ನು ತೊಲೆಯ ಕೆಳಗೆ ಬಾಗಿಸಿ ಕಟ್ಟುವ ರೂಢಿಯುಂಟು. ಇವುಗಳನ್ನು ನಿಂತವರ ಕಣ್ಣಿನ ಮಟ್ಟಕ್ಕೆ ಇಳಿಸಬೇಕು. ಕಾಗದಕ್ಕೆ ಬೆಳಕು ಮೊದಲ ಶತ್ರು. ವಸ್ತುಸಂಗ್ರಹಾಲಯಗಳಲ್ಲಿ ಕಾಗದದ ಚಿತ್ರಗಳ ಮೇಲೆ 50 ಲಕ್ಸಿನಷ್ಟು ಮಂದವಾದ ಬೆಳಕನ್ನೇ ಬಿಡುವರು. ನಾವು ಮನೆಯನ್ನು ಅಷ್ಟು ಕತ್ತಲೆಯಾಗಿಸಬೇಕಾಗಿಲ್ಲ. ಬಿಸಿಲು ನೇರವಾಗಿ ಬೀಳದಂತೆ ನೋಡಿಕೊಂಡರೆ ಬಹುಮಟ್ಟಿಗೆ ಸಾಕು. ಎರಡನೆಯ ಶತ್ರು ತೇವ. ಮಳೆಗಾಲದಲ್ಲಿ ಗೋಡೆ ಬೆವರುವ ಊರುಗಳಲ್ಲಿ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ಚೂರುಗಳನ್ನು ಅಂಟಿಸಿದರೆ ಗಾಳಿಯಾಡುವುದು. ಗಾಜು ಚಿತ್ರವನ್ನು ಮುಟ್ಟದಂತೆ ನಡುವೆ ಆಮ್ಲವಿಲ್ಲದ ದಪ್ಪ ಕಾಗದದ ಅಂಚನ್ನು ಇಡಿಸಬೇಕು. ಕಟ್ಟು ಹಾಕುವವನು ಅಗ್ಗದ ರಟ್ಟನ್ನು ಹಾಕಿದರೆ ಕೆಲವು ವರ್ಷಗಳಲ್ಲಿ ಕಾಗದ ಹಳದಿಯಾಗುವುದು.

ಕಡೆಯದಾಗಿ ಒಂದು ಮಾತು. ಈ ಪತ್ರಗಳ ಆಯುಸ್ಸು ಹೆಚ್ಚೆಂದರೆ ಕೆಲವು ವಾರಗಳು ಎಂದು ಅವುಗಳನ್ನು ಬರೆದವರೇ ಬಲ್ಲರು. ಮಳೆಗೆ ನೆನೆದು, ಮೇಲೆ ಮತ್ತೊಂದು ಪತ್ರ ಬಿದ್ದು ಅವು ಅಳಿಯತಕ್ಕವು. ಇಂದು ನಮಗೆ ಅವು ದೊರಕುತ್ತಿರುವುದು, ಯಾರೋ ಕೆಲವರು ಇದು ಇಟ್ಟುಕೊಳ್ಳತಕ್ಕ ವಸ್ತುವೆಂದು ಬಗೆದು ಮನೆಗೆ ಒಯ್ದುದರಿಂದ. ನಮ್ಮ ನಾಟಕದ ಕಂಪೆನಿಗಳು ಊರೂರಿನಲ್ಲಿ ಹಂಚಿದ ಬಣ್ಣದ ಕಾಗದದ ಹಸ್ತಪತ್ರಿಕೆಗಳು, ಬೆಂಕಿಪೆಟ್ಟಿಗೆಯ ಚೀಟಿಗಳು, ಚಲನಚಿತ್ರಗಳ ಗೋಡೆಪತ್ರಗಳು, ಇವುಗಳಲ್ಲಿ ಎಷ್ಟನ್ನು ನಾವು ಹೀಗೆ ಒಯ್ದು ಇಟ್ಟಿರುವೆವು? ಪ್ಯಾರಿಸ್ಸಿನ ಚಿತ್ರವೊಂದಕ್ಕೆ ಮೊಳೆ ಹೊಡೆಯುವ ದಿನ, ಮನೆಯ ಅಟ್ಟದ ಮೇಲಿರುವ ಹಳೆಯ ಪೆಟ್ಟಿಗೆಯನ್ನೂ ಒಮ್ಮೆ ಕೆಳಗಿಳಿಸಿ ನೋಡುವುದು ಒಳ್ಳೆಯದು. ಅದರ ತಳದಲ್ಲಿ ಮಡಿಸಿಟ್ಟ ಕಾಗದವೊಂದು ಸಿಕ್ಕಿದರೆ ಅದಕ್ಕೂ ಅದೇ ಗೋಡೆಯ ಮೇಲೆ ಸ್ಥಳ ಮಾಡಿಕೊಡಬಹುದು.