ನಿಮ್ಮ ಥ್ರೀಡಿ ಶಿಲ್ಪ ಪ್ಲಾಸ್ಟಿಕ್ ಥರ ಕಾಣ್ತಿದೆಯಾ? ಮೊದಲು ಬೆಳಕು ನೋಡಿ

ಇವತ್ತು ನಾನು ಹೇಳೋದು ನನ್ನದೇ ಒಂದು ಎಡವಟ್ಟಿನ ಕತೆ.

ಅದು ದುಡ್ಡು ಸಿಗೋ ನನ್ನ ಮೊದಲ ಕೆಲಸ. ಬೇಲೂರಿನ ಮದನಿಕೆಯಂಥ ಒಂದು ಶಿಲ್ಪವನ್ನು ಕಂಪ್ಯೂಟರಿನಲ್ಲೇ ಕೆತ್ತಿ ಚಿತ್ರ ಕಳಿಸಬೇಕಿತ್ತು. ಮೂರು ವಾರ ಜೀಬ್ರಷ್ ಮುಂದೆ ಕೂತು ಸರ, ಬಳೆ, ಬೆರಳು ಎಲ್ಲ ಕೆತ್ತಿದೆ. ಬ್ಲೆಂಡರ್‌ಗೆ ತಂದು ರೆಂಡರ್ ಮಾಡಿ ಕಳಿಸಿದೆ. ಬಂದ ಉತ್ತರ: "ಕೆತ್ತನೆ ಚೆನ್ನಾಗಿದೆ. ಆದ್ರೆ ಜಾತ್ರೆಯ ಪ್ಲಾಸ್ಟಿಕ್ ಗೊಂಬೆ ಥರ ಇದೆ. ಎರಡು ದಿನದಲ್ಲಿ ಸರಿ ಮಾಡಿ, ಇಲ್ಲಾಂದ್ರೆ ಬೇಡ."

ತಪ್ಪು ಎಲ್ಲಿತ್ತು? ಕೆತ್ತುವಾಗ ನಾನು ನೋಡ್ತಿದ್ದದ್ದು ಮ್ಯಾಟ್‌ಕ್ಯಾಪ್. ಅಂದರೆ ಬೆಳಕು, ನೆರಳು, ಹೊಳಪು ಎಲ್ಲವನ್ನೂ ಮೊದಲೇ ಬರೆದಿಟ್ಟ ಒಂದು ಗೋಳದ ಚಿತ್ರ. ಶಿಲ್ಪವನ್ನು ಎಷ್ಟೇ ತಿರುಗಿಸಿ, ಬೆಳಕು ನಿಮ್ಮ ಕಣ್ಣಿನ ಜೊತೆಗೇ ಇರುತ್ತೆ. ಆಕಾರ ನೋಡೋಕೆ ಅದು ಒಳ್ಳೇದು. ಆದರೆ ಅದು ಕಲ್ಲೂ ಅಲ್ಲ, ಬಿಸಿಲೂ ಅಲ್ಲ.

ಮರುದಿನ ಬೆಳಗ್ಗೆ ಬೇಲೂರಿಗೆ ಬಸ್ ಹತ್ತಿದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯ ಅದು. ಮಧ್ಯಾಹ್ನದ ಹೊತ್ತು. ಮದನಿಕೆಯರು ಇರೋದು ಸೂರಿನ ಕೆಳಗೆ, ನೆತ್ತಿಯ ಬಿಸಿಲು ಅವರಿಗೆ ತಾಗ್ತಾನೇ ಇರಲಿಲ್ಲ. ಆದ್ರೂ ಮುಖ ಕಾಣ್ತಿತ್ತು. ಯಾಕೆ? ಅಂಗಳದ ಕಲ್ಲುಹಾಸಿಗೆ ಬಿದ್ದ ಬಿಸಿಲು ಕೆಳಗಿನಿಂದ ಪುಟಿದು ಅವರ ಮೇಲೆ ಬೀಳ್ತಿತ್ತು. ಒಳಗೆ ಹೋದರೆ, ತಿರುಗಣೆಯಲ್ಲಿ ನಯಗೊಳಿಸಿದ ಕಂಬಗಳು ಕನ್ನಡಿಯ ಹಾಗೆ ಮಿಂಚ್ತಿವೆ. ಹೊರಗಿನ ಗೋಡೆಯದ್ದೂ ಅದೇ ಬಳಪದ ಕಲ್ಲು, ಆದರೆ ಮಂಕು. ಕಲ್ಲು ಒಂದೇ, ಹೊಳಪು ಬೇರೆ.

ವಾಪಸ್ ಬಂದು ನಾಲ್ಕು ಬದಲಾವಣೆ ಮಾಡಿದೆ.

ಒಂದು, ರಫ್‌ನೆಸ್. ಮೊದಲು ಇಡೀ ಶಿಲ್ಪಕ್ಕೆ 0.2 ಇಟ್ಟಿದ್ದೆ, ಪ್ಲಾಸ್ಟಿಕ್ ಆಗಿದ್ದೇ ಅಲ್ಲಿ. ಈಗ 0.6ರಿಂದ 0.85ರವರೆಗೆ, ನಾಯ್ಸ್ ಟೆಕ್ಸ್‌ಚರ್ ಹಾಕಿ ಏರಿಳಿತ ಕೊಟ್ಟೆ. ಸಂದುಗಳಲ್ಲಿ ಧೂಳು, ಹಾಗಾಗಿ ಅಲ್ಲಿ ಹೆಚ್ಚು ಮಂಕು.

ಎರಡು, ಸಬ್‌ಸರ್ಫೇಸ್. ಬೆಳಕು ಮೈಯೊಳಗೆ ಇಳಿದು ಹರಡೋ ಗುಣ ಇದು. ಚರ್ಮ, ಮೇಣ, ಅಮೃತಶಿಲೆಗೆ ಬೇಕು. ಈ ಕಪ್ಪು ಕಲ್ಲಿಗೆ ಬೇಡ ಅಂತ ಸೊನ್ನೆ ಮಾಡಿದೆ. ಮೆಟಾಲಿಕ್ ಕೂಡ ಸೊನ್ನೆ.

ಮೂರು, ದೀಪ. ಮುಂದೆ, ಪಕ್ಕ, ಹಿಂದೆ ಅಂತ ಇಟ್ಟಿದ್ದ ಮೂರನ್ನೂ ಅಳಿಸಿ ಒಂದೇ ಸೂರ್ಯ ಇಟ್ಟೆ.

ನಾಲ್ಕು, ಸುತ್ತಮುತ್ತ. ತಲೆಯ ಮೇಲೊಂದು ಚಪ್ಪಡಿ, ಕಾಲ ಕೆಳಗೊಂದು ಅಗಲವಾದ ಕಲ್ಲುನೆಲ. ಎರಡೂ ಚಿತ್ರದಲ್ಲಿ ಕಾಣಲ್ಲ. ಆದರೆ ಸೈಕಲ್ಸ್ ರೆಂಡರ್ ಪುಟಿಯೋ ಬೆಳಕನ್ನು ಲೆಕ್ಕ ಹಾಕುತ್ತೆ, ಗಲ್ಲದ ಕೆಳಗೆ ಆ ಮೆಲುಬೆಳಕು ತಾನಾಗೇ ಬಂತು.

ಕೆತ್ತನೆಯನ್ನು ಒಂದು ಚೂರೂ ಮುಟ್ಟಿರಲಿಲ್ಲ. ಗಡುವಿಗೆ ಒಂದು ಗಂಟೆ ಮುಂಚೆ ಕಳಿಸಿದೆ. "ಈಗ ಕಲ್ಲು" ಅಂತ ಉತ್ತರ ಬಂತು. ದುಡ್ಡೂ ಬಂತು.

ಇವತ್ತು ರಾತ್ರಿ ನೀವೂ ಒಂದು ಕೆಲಸ ಮಾಡಿ. ಮನೇಲಿರೋ ಒರಳುಕಲ್ಲನ್ನು ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೀರಿ. ಆಮೇಲೆ ಫ್ಲ್ಯಾಶ್ ಆಫ್ ಮಾಡಿ, ಇನ್ನೊಂದು ಫೋನಿನ ಟಾರ್ಚನ್ನು ಪಕ್ಕದಿಂದ ಹಿಡಿದು ಮತ್ತೊಂದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಸಾಫ್ಟ್‌ವೇರ್ ತೆರೀರಿ. ಮುಂದಿನ ಸಂಚಿಕೇಲಿ ಸಿಗೋಣ.